ಅಂತೋಣಿಗೆ ಬರೆದ ಕ್ಯಾರಲ್

ಕ್ರಿಸ್‌ಮಸ್ ಹತ್ತಿರ ಬಂತು ಅಂದ್ರೆ ನನಗೆ ಇವತ್ತಿಗೂ ತುಟಿ ಉರಿಯೋಕೆ ಶುರುವಾಗುತ್ತೆ. ವಾದ್ಯ ಮುಟ್ಟಿ ವರ್ಷಗಳಾದವು. ಮುಂದಿನ ಹಲ್ಲು ಕಟ್ಟಿಸಿದ್ದು, ಊದೋಕೆ ಹೋದ್ರೆ ಗಾಳಿ ಪಕ್ಕದಿಂದ ಸೋರುತ್ತೆ. ಆದ್ರೂ ಡಿಸೆಂಬರ್ ಚಳಿ ಬಿದ್ದ ತಕ್ಷಣ ಮೇಲ್ದುಟಿ ಮಧ್ಯದಲ್ಲಿ, ಮೌತ್‌ಪೀಸ್ ಕೂರ್ತಿದ್ದ ಜಾಗದಲ್ಲಿ, ಚುರುಚುರು ಅನ್ನುತ್ತೆ. ಹೆಂಡತಿ ತುಪ್ಪ ಹಚ್ಕೊಳ್ಳಿ ಅಂತಾಳೆ. ಹಚ್ಕೋತೀನಿ. ಅದು ಹೋಗಲ್ಲ.

ನಾನು ಮಂಜುನಾಥ. ಭದ್ರಾವತಿ, ಶಿವಮೊಗ್ಗದ ಬ್ಯಾಂಡ್‌ಸೆಟ್‌ನವರಿಗೆಲ್ಲ ಮಂಜಣ್ಣ. ಮದುವೆ ದಿಬ್ಬಣ, ಗಣಪತಿ ಬಿಡೋದು, ಹೆಣದ ಮೆರವಣಿಗೆ, ಗೆದ್ದ ರಾಜಕಾರಣಿಯ ಮೆರವಣಿಗೆ, ಎಲ್ಲದಕ್ಕೂ ಕಾರ್ನೆಟ್ ಅನ್ನೋ ಗಿಡ್ಡ ತುತ್ತೂರಿ ಊದಿದೋನು. ವರ್ಷಪೂರ್ತಿ ಅದೇ ಹೊಟ್ಟೆಪಾಡು. ಡಿಸೆಂಬರಲ್ಲಿ ಮಾತ್ರ ಬೇರೆ ಕೆಲಸ ಇರ್ತಿತ್ತು. ಚರ್ಚಿನವರ ಜೊತೆ ಮನೆಮನೆಗೆ ಹೋಗಿ ಕ್ಯಾರಲ್, ಅಂದ್ರೆ ಕ್ರಿಸ್‌ಮಸ್ ಹಾಡು, ಊದೋದು. ಅದಕ್ಕೂ ಮುಂಚೆ ಆ ಹಾಡುಗಳನ್ನ ನಮ್ಮ ನಾಲ್ಕು ಹಿತ್ತಾಳೆ ವಾದ್ಯಕ್ಕೆ ಹೊಂದಿಸಿ, ಯಾರು ಯಾವ ಸ್ವರ ಊದಬೇಕು ಅಂತ ಹಂಚಿ ಬರೆಯೋದು. ಅದು ನನ್ನ ಪಾಲಿನ ಕೆಲಸ.

ಮೊನ್ನೆ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದೋ ಹುಡುಗ್ರು ಶಿವಮೊಗ್ಗ ವಿದ್ಯಾನಗರದ ನಮ್ಮ ಮನೆ ಹುಡುಕ್ಕೊಂಡು ಬಂದಿದ್ರು. ಸಣ್ಣದೊಂದು ಬ್ರಾಸ್ ಗುಂಪು ಕಟ್ಟಿದಾರಂತೆ. 'ಅಂಕಲ್, ಕಮ್ಮಿ ಜನಕ್ಕೆ ಕ್ಯಾರಲ್ ಹೇಗೆ ಬರೀಬೇಕು ಹೇಳಿ' ಅಂದ್ರು. ಓದಿಕೊಂಡ ಮಕ್ಕಳು, ಹಾರ್ಮನಿ ಶಾಸ್ತ್ರ ನನಗಿಂತ ಚೆನ್ನಾಗಿ ಗೊತ್ತು ಅವರಿಗೆ. ಕಂಪ್ಯೂಟರಲ್ಲಿ ಬರೆದ್ರೆ ಅದೇ ಊದಿ ತೋರಿಸುತ್ತಂತೆ. ನಾನು ಮಾತಾಡೋಕೆ ಶುರು ಮಾಡಿದೆ, ಮಧ್ಯದಲ್ಲಿ ಕಾರಣ ಇಲ್ಲದೆ ಅವರ ಮೇಲೇ ರೇಗಿದೆ. ಪಾಪ, ಕಾಫಿ ಕುಡಿದು ಹೊರಟು ಹೋದ್ರು. ಅದಕ್ಕೇ ಇದನ್ನ ಬರೆದು ಕೊಡ್ತಿದೀನಿ. ಬರೆಯೋವಾಗ ರೇಗಿದ್ರೆ ಹೊಡೆದು ಹಾಕಬಹುದು.

ನನಗೆ ಕಲಿಸಿದವರು ಮುನಿಸ್ವಾಮಿ ಮಾಸ್ಟರ್. ಮಿಲಿಟರಿ ಬ್ಯಾಂಡಿಂದ ಪೆನ್ಷನ್ ತಗೊಂಡು ಜನ್ನಾಪುರದಲ್ಲಿ ಇದ್ರು. ಮಾತಿಗೆ ತಮಿಳು, ಬೈಯೋಕೆ ಇಂಗ್ಲಿಷು, ಕೈ ಎತ್ತೋಕೆ ಯಾವ ಭಾಷೆಯೂ ಬೇಕಿರಲಿಲ್ಲ. ಐದು ಗೆರೆ ಎಳೆದು ಬರೆಯೋ ಇಂಗ್ಲಿಷ್ ಸಂಗೀತ ಅವರಿಂದಲೇ ನಾನು ಕಲಿತಿದ್ದು. ಆದ್ರೆ ನಮ್ಮ ಬ್ಯಾಂಡಿನವರಲ್ಲಿ ಯಾರಿಗೂ ಆ ಗೆರೆ ಓದೋಕೆ ಬರ್ತಿರಲಿಲ್ಲ. ನಾನು ಕನ್ನಡದಲ್ಲಿ ಸರಿಗಮ ಅಂತ ಬರೆದು, ಮೇಲಿನ ಸ್ವರಕ್ಕೆ ಮೇಲೊಂದು ಚುಕ್ಕಿ, ಕೆಳಗಿನದಕ್ಕೆ ಕೆಳಗೊಂದು ಚುಕ್ಕಿ ಇಟ್ಟು ಕೊಟ್ಟೆ. ಮಾಸ್ಟರ್ ನೋಡಿದವರೇ 'ಇದೇನೋ ಭಜನೆ ಪುಸ್ತಕ!' ಅಂತ ಹರಿದು ಹಾಕಿ ತಲೆ ಮೇಲೊಂದು ಬಿಟ್ರು. ನಾನು ಮತ್ತೆ ಬರೆದೆ. ಬ್ಯಾಂಡಿನವರು ಅದನ್ನ ನೋಡ್ಕೊಂಡು ತಪ್ಪಿಲ್ಲದೆ ಊದಿದ್ರು. ಮಾರನೇ ದಿನ ಮಾಸ್ಟರ್ ಇನ್ನೊಂದು ಕ್ಯಾರಲ್ ಕೈಗೆ ತುರುಕಿ 'ಇದನ್ನೂ ಹಂಗೇ ಬರಿ' ಅಂದ್ರು. ಅದಕ್ಕಿಂತ ದೊಡ್ಡ ಶಭಾಷ್‌ಗಿರಿ ಅವರ ಬಾಯಲ್ಲಿ ನಾನು ಕೇಳಿಲ್ಲ.

ಮೊದಲ ಸಲ ಚರ್ಚಿನ ಹಾಡುಗಾರರ ಜೊತೆ ಊದಿದಾಗ ಆದ ಫಜೀತಿ ಹೇಳ್ತೀನಿ, ನೀವು ಹಾಗೆ ಮಾಡ್ಬೇಡಿ. ಕಾರ್ನೆಟ್ಟಿನ ಸ ಬೇರೆ, ಹಾರ್ಮೋನಿಯಂನ ಸ ಬೇರೆ. ಕಾರ್ನೆಟ್ ಒಂದು ಸ್ವರ ಕೆಳಗೆ ನುಡಿಯುತ್ತೆ. ಮಾಸ್ಟರ್ ಗೆರೆಯಲ್ಲಿ ಬರೆದಿದ್ರೆ ಅದೆಲ್ಲ ಲೆಕ್ಕ ಹಾಕಿ ಬರೀತಿದ್ರು. ಕನ್ನಡದಲ್ಲಿ ಸ ಅಂದ್ರೆ ಸ ತಾನೆ? ಹಾರ್ಮೋನಿಯಂನವರು ಅವರ ಸ ಹಿಡಿದ್ರು, ನಾವು ನಮ್ಮ ಸ ಹಿಡಿದ್ವಿ. ಹೆಂಗಸರು ಒಂದು ಕಡೆ, ನಾವು ಒಂದು ಕಡೆ, ಚರ್ಚಿನೊಳಗೆ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡ್ವು. ಫಾದರ್ ಮಾತ್ರ ಕೊನೇವರೆಗೂ ಕಣ್ಮುಚ್ಚಿ ನಿಂತಿದ್ರು, ಅದು ಪ್ರಾರ್ಥನೆಯೋ ಸಹನೆಯೋ ಗೊತ್ತಿಲ್ಲ. ಹೊರಗೆ ಬಂದ್ಮೇಲೆ ಮಾಸ್ಟರ್ ನನಗೆ ಹೊಡೀಲಿಲ್ಲ. ಹೊಡೆದಿದ್ರೆ ಚೆನ್ನಾಗಿತ್ತು, ನಾಲ್ಕು ದಿನ ಮಾತೇ ಬಿಟ್ರು.

ಮಾಸ್ಟರ್ ಹತ್ರ ಇದ್ದ ಪಾರ್ಟುಗಳು, ಅಂದ್ರೆ ಒಬ್ಬೊಬ್ಬರ ಸ್ವರ ಹಂಚಿ ಬರೆದ ಹಾಳೆಗಳು, ಎಲ್ಲ ದೊಡ್ಡ ಮಿಲಿಟರಿ ಬ್ಯಾಂಡಿಗೆ ಬರೆದವು. ನಮ್ಮಲ್ಲಿ ಊದೋರು ಇದ್ದದ್ದು ನಾಲ್ಕೇ ಜನ. ಮೊದಲ ಕಾರ್ನೆಟ್ ರಫೀಕ್, ಹಗಲು ಹೊತ್ತು ಬಜಾರಿನಲ್ಲಿ ಸ್ಟವ್ ರಿಪೇರಿ ಮಾಡ್ತಿದ್ದ, ಮೇಲಿನ ಸ್ವರಗಳು ಅವನಿಗೆ ಬಾಯಿಪಾಠ. ಎರಡನೇ ಕಾರ್ನೆಟ್ ನಾನು. ಕೊಳವೆ ಹಿಂದೆ ಮುಂದೆ ಎಳೆದು ಊದೋ ಟ್ರೋಂಬೋನಿಗೆ ಶಿವಣ್ಣ, ಹೊಳಲೂರಿನವನು, ನಮಗಿಂತ ಚಿಕ್ಕವನು. ಮತ್ತೆ ಯೂಫೋನಿಯಂ. ಎದೆಗೆ ಒರಗಿಸಿ ಹಿಡಿಯೋ ದೊಡ್ಡ ವಾದ್ಯ ಅದು, ದನಿ ಬೆಚ್ಚಗೆ, ತಳದಲ್ಲಿ ನಿಂತು ಮೇಲಿನವರನ್ನೆಲ್ಲ ಹೊರುತ್ತೆ. ಅದನ್ನ ಊದ್ತಿದ್ದವನು ಅಂತೋಣಿ. ಭದ್ರಾವತಿ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು, ಅಲ್ಲೇ ನ್ಯೂಟೌನ್ ಕಡೆ ಒಂದು ಸಣ್ಣ ಮನೆ, ನಮ್ಮ ನಾಲ್ವರಲ್ಲಿ ಕ್ರಿಶ್ಚಿಯನ್ ಅಂತ ಇದ್ದವನು ಅವನೊಬ್ಬನೇ. ನಮ್ಮ ಮೂವರಿಗೆ ಕ್ಯಾರಲ್ ಅಂದ್ರೆ ಕೆಲಸ. ಅವನಿಗೆ ಅದು ಹಬ್ಬ.

ದೊಡ್ಡ ಬ್ಯಾಂಡಿನಲ್ಲಿ ಒಬ್ಬ ಉಸಿರು ತಗೊಂಡ್ರೆ ಯಾರಿಗೂ ಗೊತ್ತಾಗಲ್ಲ. ನಾಲ್ಕು ಜನರಲ್ಲಿ ಒಬ್ಬ ತಗೊಂಡ್ರೆ ಗೋಡೆಯಲ್ಲಿ ಕಿಟಕಿ ತೆಗೆದ ಹಾಗೆ ಆಗುತ್ತೆ. ಅದಕ್ಕೇ ನಾನು ಸ್ವರ ಬರೆಯೋಕೆ ಮುಂಚೆ ಉಸಿರು ಬರೀತಿದ್ದೆ. ರಫೀಕ್ ಇಲ್ಲಿ ತಗೊಳ್ಳಲಿ, ಶಿವಣ್ಣ ಅಲ್ಲಿ, ಇಬ್ಬರೂ ಒಟ್ಟಿಗೆ ಬಾಯಿ ಬಿಡೋ ಹಾಗಿಲ್ಲ. ಅಂತೋಣಿ ಬಗ್ಗೆ ಆ ಯೋಚನೆಯೇ ಇರಲಿಲ್ಲ. ಅವನ ಎದೆ ಅಂದ್ರೆ ಎದೆ. ಒಂದು ಸಾಲು ಪೂರ್ತಿ, ಬೇಕಾದ್ರೆ ಇನ್ನರ್ಧ ಸಾಲು, ಕದಲದೆ ಎಳೀತಿದ್ದ. 'ಏನಯ್ಯ, ಹಿಂದೆ ಕಮ್ಮಾರರ ತಿದಿ ಇಟ್ಕೊಂಡಿದೀಯಾ?' ಅಂತ ರಫೀಕ್ ಅವನ ಕೋಟಿನ ಹಿಂದೆಲ್ಲ ತಡಕ್ತಿದ್ದ.

ಬ್ಯಾಂಡ್ ಯಜಮಾನರು ಚನ್ನಬಸಪ್ಪನವರು. ಹಣೆ ತುಂಬ ವಿಭೂತಿ, ಮಂಡಿ ವ್ಯಾಪಾರದ ಜೊತೆ ಈ ಬ್ಯಾಂಡ್ ಇಟ್ಟಿದ್ರು. ಕೆಟ್ಟವರಲ್ಲ. ಆದ್ರೆ ಸಂಗೀತ ಅಂದ್ರೆ ಅವರ ಪ್ರಕಾರ ಸದ್ದು. ಆ ಚರ್ಚಿನಲ್ಲಿ ಧರ್ಮಪಾಠ ಹೇಳ್ತಿದ್ದ ಹಳೇ ಉಪದೇಶಿಯೊಬ್ರು ಕಟ್ಟಿದ ಒಂದು ಕನ್ನಡ ಕ್ಯಾರಲ್ ಇತ್ತು. ಕೂಸನ್ನ ಮಲಗಿಸೋ ಲಯ, ನಾವು ಅದನ್ನ 'ನಿಧಾನದ್ದು' ಅಂತ ಕರೀತಿದ್ವಿ. ಯಜಮಾನರು ಅದನ್ನ ಕೇಳಿದವರೇ 'ಏನ್ರೀ ಇದು, ಹೆಣ ಎತ್ತೋವಾಗ ಊದೋ ಹಾಗೆ ಊದ್ತೀರಿ! ಡ್ರಮ್ಮು ಸೇರಿಸ್ರಿ' ಅಂದ್ರು. ಮಾಸ್ಟರ್ ಆಗ ಇರಲಿಲ್ಲ, ತೀರಿಕೊಂಡಿದ್ರು. ನಾನೇ ಧೈರ್ಯ ಮಾಡಿ 'ಕೂಸು ಎದ್ದುಬಿಡುತ್ತೆ ಸಾರ್' ಅಂದೆ. ಅವರು ನಕ್ಕು ಬಿಟ್ರು. ಅವತ್ತಿಗೆ ನಿಧಾನದ್ದು ಉಳೀತು.

ಆಮೇಲೆ ಕಾಲ ಬದಲಾಯ್ತು. ಕ್ಯಾರಲ್ ಚರ್ಚು ಬಿಟ್ಟು ಅಂಗಡಿಗೂ ಬಂತು. ಶಿವಮೊಗ್ಗದಲ್ಲಿ ಒಂದು ದೊಡ್ಡ ಬಟ್ಟೆ ಅಂಗಡಿಯವರು ಡಿಸೆಂಬರ್ ಸೇಲ್‌ಗೆ ಬಾಗಿಲಲ್ಲಿ ಬ್ಯಾಂಡ್ ನಿಲ್ಲಿಸೋಕೆ ಶುರು ಮಾಡಿದ್ರು. ಜೊತೆಗೊಬ್ಬ ಸಾಂಟಾ ಬೇಕು ಅಂದ್ರು. ಯಜಮಾನರು ಅಂತೋಣಿ ಕಡೆ ನೋಡಿ 'ನಿಮ್ಮ ಹಬ್ಬ ಅಲ್ವೇನಯ್ಯ, ನೀನೇ ಹಾಕ್ಕೋ' ಅಂತ ಕೆಂಪು ಡ್ರೆಸ್ಸು, ಹತ್ತಿ ಗಡ್ಡ ಕೊಟ್ರು. ಅವನಿಗೆ ಇಷ್ಟ ಇರಲಿಲ್ಲ. ಆ ಹೊತ್ತಿಗೆ ಅವನಿಗೆ ಟಿಬಿ ಬಂದು, ಮಾತ್ರೆ ಮುಗಿಸಿ, ಕಾರ್ಖಾನೆ ಕೆಲಸ ಬಿಟ್ಟು ಮನೆಯಲ್ಲಿದ್ದ. ಬ್ಯಾಂಡೊಂದೇ ಅವನಿಗೆ ಉಳಿದಿದ್ದ ಕೆಲಸ. ವಾಸಿಯಾಗಿದೆ ಅಂತಿದ್ದ, ನಾವೂ ನಂಬಿದ್ವಿ.

ಎರಡನೇ ಹಾಡಿಗೆ ಗಡ್ಡದ ಹತ್ತಿ ಎಳೆ ಅವನ ಬಾಯಿಗೆ ಹೋಯ್ತು. ಕೆಮ್ಮು ಶುರುವಾಯ್ತು. ಯೂಫೋನಿಯಂ ಎದೆಗೆ ಅವಚಿಕೊಂಡು, ಬಗ್ಗಿ, ಮೊಣಕಾಲಿಗೆ ಕೈ ಊರಿ ಕೆಮ್ಮಿದ. ಎದ್ದು ನಿಂತ, ಮತ್ತೆ ಬಗ್ಗಿದ. ಸುತ್ತ ನಿಂತಿದ್ದ ಜನ ಅದು ಸಾಂಟಾ ಮಾಡೋ ತಮಾಷೆ ಅಂದ್ಕೊಂಡ್ರು. ಚಪ್ಪಾಳೆ ಹೊಡೆದ್ರು. ಒಬ್ಬ ತಂದೆ ಮಗುವನ್ನ ಹೆಗಲ ಮೇಲೆ ಎತ್ತಿ 'ನೋಡು ನೋಡು, ಅಜ್ಜ ಹೆಂಗೆ ಕುಣೀತಾನೆ' ಅಂದ. ಗಡ್ಡದ ಒಳಗೆ ಮುಖ ಹೆಂಗಿತ್ತೋ ಯಾರಿಗೂ ಕಾಣ್ತಿರಲಿಲ್ಲ. ನಾನು ಕಾರ್ನೆಟ್ ಕೆಳಗಿಟ್ಟು ಅವನ ಗಡ್ಡ ಕಿತ್ತು ಎಸೆದೆ. ತುಟಿ ನೀಲಿ ತಿರುಗಿತ್ತು. ಅಂಗಡಿಯ ಮ್ಯಾನೇಜರ್ ಓಡಿ ಬಂದು ಗಡ್ಡ ತೆಗೀಬಾರದು ಸಾರ್, ಮಕ್ಕಳು ನೋಡ್ತಿದಾರೆ ಅಂದ. ಆ ಮನುಷ್ಯನಿಗೆ ನಾನು ಏನಂದೆ ಅಂತ ಇಲ್ಲಿ ಬರೆಯೋ ಹಾಗಿಲ್ಲ.

ಆವತ್ತೇ ನನಗೆ ಗೊತ್ತಾಗಿದ್ದು ಅವನ ಎದೆ ಹೋಗಿದೆ ಅಂತ. ಡಾಕ್ಟ್ರು ಎದೆ ಫೋಟೋ ತೆಗೆಸಿ ನೋಡಿ, ಕಾಯಿಲೆ ಹೋಗಿದೆ, ಆದ್ರೆ ಅದು ತಿಂದ ಜಾಗ ವಾಪಸ್ ಬರಲ್ಲ ಅಂದ್ರಂತೆ.

ಅಲ್ಲಿಂದ ಮುಂದೆ ಪ್ರತಿ ಡಿಸೆಂಬರಲ್ಲೂ ನಾನು ಅವೇ ಕ್ಯಾರಲ್‌ಗಳನ್ನ ಹೊಸದಾಗಿ ಬರೆದೆ. ಉದ್ದ ಸಾಲನ್ನ ಮುರಿದು ಎರಡು ಮಾಡಿದೆ. ತಳದ ಸ್ವರವನ್ನ ಅರ್ಧ ಶಿವಣ್ಣನ ಟ್ರೋಂಬೋನಿಗೆ ದಾಟಿಸಿದೆ. ಅಂತೋಣಿಗೆ ಎರಡು ಸ್ವರ, ಸುಮ್ನೆ, ಎರಡು ಸ್ವರ, ಸುಮ್ನೆ. ಇನ್ನೊಂದು ವರ್ಷ ಒಂದು ಸ್ವರ, ಸುಮ್ನೆ. ನೋಡೋರಿಗೆ ಅದು ಬೇಕಂತಲೇ ಮಾಡಿದ ಸೊಗಸು ಅನ್ನಿಸೋ ಹಾಗೆ. ರಫೀಕನಿಗೆ ಮೇಲೆ ಒಂದು ಗಿರಕಿ ಕೊಟ್ಟುಬಿಟ್ರೆ ಜನರ ಕಿವಿ ಅಲ್ಲಿಗೆ ಹೋಗುತ್ತೆ, ಕೆಳಗೆ ಆದ ತೂತು ಕೇಳಿಸಲ್ಲ. ಇದನ್ನ ಯಾವ ಪುಸ್ತಕದಲ್ಲೂ ಬರೆದಿಲ್ಲ, ನೀವು ಕಲಿಯೋದಾದ್ರೆ ಕಲೀರಿ.

ಅಂತೋಣಿ ಮೊದಲ ವರ್ಷ ಹಾಳೆ ನೋಡಿ ನಕ್ಕ. 'ಏನ್ ಮಂಜಣ್ಣ, ನಂಗೆ ರಜೆ ಜಾಸ್ತಿ ಕೊಟ್ಟಿದೀಯ?'

'ನಿನ್ನ ದನಿ ಜೋರು ಮಾರಾಯ, ನನ್ನ ಕಾರ್ನೆಟ್ ಕೇಳಿಸೋದೇ ಇಲ್ಲ' ಅಂದೆ.

ಎರಡನೇ ವರ್ಷ ನಗಲಿಲ್ಲ. ಹಾಳೆ ಮಡಚಿ ಜೇಬಲ್ಲಿ ಇಟ್ಕೊಂಡ.

ಅಷ್ಟರಲ್ಲಿ ಚರ್ಚಿನ ಯುವಕರು ಪಿಕಪ್ ಗಾಡಿ ಮೇಲೆ ಸ್ಪೀಕರ್ ಕಟ್ಟಿ, ಕೀಬೋರ್ಡ್ ಇಟ್ಕೊಂಡು ಕ್ಯಾರಲ್‌ಗೆ ಹೋಗೋಕೆ ಶುರು ಮಾಡಿದ್ರು. ಆ ಕೀಬೋರ್ಡಲ್ಲಿ ಒಂದು ಗುಂಡಿ ಒತ್ತಿದ್ರೆ ನಮ್ಮ ನಾಲ್ವರ ಸದ್ದೂ ಬರುತ್ತೆ. ಉಸಿರು ಬೇಡ, ತುಟಿ ಬೇಡ, ಟೀ ಬೇಡ. ನಾನು ಅವರನ್ನ ಬೈಯಲ್ಲ, ಬೆಳೆಯೋ ಮಕ್ಕಳು. ಹೊಸ ಫಾದರ್ ಒಳ್ಳೆಯವರು, 'ಹಳೇ ಬೀದಿಗಳಿಗೆ ಮಾತ್ರ ನೀವು ಹೋಗಿ, ಅಲ್ಲಿನವರಿಗೆ ನೀವೇ ಬೇಕಂತೆ' ಅಂದ್ರು. ಆ ಹಳೇ ಬೀದಿಗಳಲ್ಲಿ ಒಂದು ಅಂತೋಣಿಯ ಬೀದಿ.

ನಾನು ಹೇಳೋಕೆ ಹೊರಟಿದ್ದು ನಾವು ಹೋದ ಕೊನೇ ಕ್ಯಾರಲ್ ಬಗ್ಗೆ. ಆ ವರ್ಷ ನವೆಂಬರ್ ಕೊನೇಲಿ ಒಂದು ಮಧ್ಯಾಹ್ನ ಅಂತೋಣಿಯ ಹೆಂಡತಿ ಮೇರಿಯಮ್ಮ ಬಸ್ಸು ಹತ್ತಿ ನಮ್ಮ ಮನೆಗೆ ಬಂದ್ರು. ಒಬ್ಬರೇ ಬಂದಿದ್ದು ಅದೇ ಮೊದಲು. ನನ್ನ ಹೆಂಡತಿ ಕೊಟ್ಟ ನೀರು ಕುಡಿದು, ಲೋಟ ಕೈಯಲ್ಲೇ ಹಿಡ್ಕೊಂಡು ಕೂತ್ರು.

'ಅಣ್ಣಾ, ಈ ಸಲ ಅವರಿಗೆ ಬರೀಬೇಡಿ' ಅಂದ್ರು.

'ಏನು ಬರೀಬಾರದು?'

'ಪಾರ್ಟು. ಮೂರು ಜನಕ್ಕೆ ಬರೀರಿ. ಡಾಕ್ಟ್ರು ಊದಲೇಬಾರದು ಅಂದಿದಾರೆ. ಊದೋವಾಗ ಎದೆಯೊಳಗೆ ಒಡೆದು ಹೋಗಬಹುದಂತೆ, ಹೋದ್ರೆ ಹೋದ ಹಾಗೇನೇ. ಮನೇಲಿ ಮೆಟ್ಟಿಲು ಹತ್ತೋಕೆ ಆಗಲ್ಲಣ್ಣ ಅವರಿಗೆ. ಸ್ನಾನ ಮಾಡಿ ಬಂದ್ರೆ ಮಂಚ ಹಿಡ್ಕೊಂಡು ನಿಂತ್ಕೋತಾರೆ. ನಾನು ಹೇಳಿದ್ರೆ ಕೇಳಲ್ಲ, ಫಾದರ್ ಹೇಳಿದ್ರೂ ಕೇಳಲ್ಲ. ಆದ್ರೆ ನೀವು ಬರೀದೇ ಇರೋದನ್ನ ಅವರು ಊದಲ್ಲ.'

ಅದು ನಿಜ. ಅಂತೋಣಿ ಹಾಳೆಯಲ್ಲಿ ಇಲ್ಲದ ಒಂದು ಸ್ವರವನ್ನೂ ಯಾವತ್ತೂ ಊದಿದವನಲ್ಲ. ನಾನು 'ಆಯ್ತಮ್ಮ' ಅಂದೆ. ಮೇರಿಯಮ್ಮ ಎದ್ದು ಹೋಗೋವಾಗ ಬಾಗಿಲಲ್ಲಿ ನಿಂತು 'ನಾನು ಬಂದಿದ್ದೆ ಅಂತ ಹೇಳ್ಬೇಡಿ' ಅಂದ್ರು. ಆ ಹೆಂಗಸಿನ ಮುಖ ನೋಡಿ ನನ್ನ ಹೆಂಡತಿ ಬಸ್‌ಸ್ಟಾಪ್‌ವರೆಗೂ ಜೊತೆಗೆ ಹೋದಳು.

ಮೂರು ಜನಕ್ಕೆ ಬರೆದೆ. ಬರೆಯೋದೇನು ಕಷ್ಟ ಇರಲಿಲ್ಲ, ಅಷ್ಟು ವರ್ಷಗಳಿಂದ ಒಂದೊಂದೇ ಸ್ವರ ಕಳೀತಾ ಬಂದಿದ್ದೆನಲ್ಲ, ಕಳೆಯೋಕೆ ಹೆಚ್ಚು ಉಳಿದೂ ಇರಲಿಲ್ಲ. ಬರೆದು ಮುಗಿಸಿ ಭದ್ರಾವತಿಗೆ ಹೋಗಿ ಅವನಿಗೆ ಮುಖಾಮುಖಿ ಹೇಳಿಬಿಡೋಣ ಅಂತ ಹೋದೆ. ಅಂತೋಣಿ ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ಯೂಫೋನಿಯಂ ತೊಡೆ ಮೇಲಿಟ್ಟು ಹುಣಸೆಹಣ್ಣು ಹಾಕಿ ತಿಕ್ತಿದ್ದ. ತಿಕ್ಕೋಕೂ ಮಧ್ಯೆ ಮಧ್ಯೆ ನಿಲ್ಲಿಸ್ತಿದ್ದ.

ನನ್ನ ಮುಖ ನೋಡಿದ ತಕ್ಷಣ ಕೇಳಿದ, 'ಅವಳು ಬಂದಿದ್ಳಾ?'

ನಾನು ಬಗ್ಗಿ ಚಪ್ಪಲಿ ಬಿಡೋಕೆ ಶುರು ಮಾಡಿದೆ.

'ಬಂದಿರ್ತಾಳೆ ಬಿಡು' ಅಂದ. ಉಸಿರಿಗೆ ನಿಲ್ಲಿಸಿ ನಿಲ್ಲಿಸಿ ಮಾತಾಡ್ತಿದ್ದ. 'ಅವಳದ್ದೂ ತಪ್ಪಿಲ್ಲ. ಆದ್ರೆ ಕೇಳು ಮಂಜಣ್ಣ. ಕಾರ್ಖಾನೇಲಿ ನಂಗೆ ಜಾಗ ಇಲ್ಲ. ದಿಬ್ಬಣದಲ್ಲಿ ನಡೆಯೋಕೆ ಆಗಲ್ಲ ಅಂತ ಯಜಮಾನರು ಬಿಡಿಸಿಬಿಟ್ರು. ಚರ್ಚಿಗೆ ಹೋದ್ರೆ ಕೆಮ್ಮು ಬರುತ್ತೆ ಅಂತ ಹಿಂದಿನ ಬೆಂಚಲ್ಲಿ ಕೂರ್ತೀನಿ. ನೀನೂ ಬರೀದೇ ಹೋದ್ರೆ ನಾನು ನಿಂತ್ಕೊಳ್ಳೋದು ಎಲ್ಲಿ ಹೇಳು?'

ನಾನು ಕಲ್ಲಲ್ಲ. ಅಲ್ಲೇ ಅವನ ಪಕ್ಕದ ಕಟ್ಟೆ ಮೇಲೆ ಕೂತು, ಜೇಬಿಂದ ಪೆನ್ ತೆಗೆದು ನಿಧಾನದ ಕ್ಯಾರಲ್‌ಗೆ ಅವನ ಸಾಲು ಬರೆದೆ. ಪೂರ್ತಿ ಖಾಲಿ. ಪ್ರತಿ ಚರಣದ ಕೊನೇಲಿ ಮಾತ್ರ, ಎಲ್ಲರೂ ಎಳೆದು ನಿಲ್ಲೋ ಜಾಗದಲ್ಲಿ, ತಳದಲ್ಲಿ ಒಂದೇ ಒಂದು ಸ. ಮೆತ್ತಗೆ, ಚಿಕ್ಕದಾಗಿ. ಒಳಗಿಂದ ಮೇರಿಯಮ್ಮ ಬಂದು ನಿಂತ್ರು. ಗಂಡನೂ ಹೆಂಡತಿಯೂ ಸ್ವಲ್ಪ ಹೊತ್ತು ತಮಿಳಿನಲ್ಲಿ ವಾದ ಮಾಡಿದ್ರು, ನನಗೆ ಪೂರ್ತಿ ಅರ್ಥ ಆಗಲಿಲ್ಲ. ಕೊನೆಗೆ ಅವರು ನನ್ನ ಕಡೆ ತಿರುಗಿ 'ಒಂದೇ ಅಲ್ವಾ?' ಅಂದ್ರು. 'ಒಂದೇ' ಅಂದೆ. ಕಣ್ಣು ಒರೆಸ್ಕೊಂಡು ಒಳಗೆ ಹೋದ್ರು.

ಅದಾದ ಮೇಲೆ ನಾನು ಹೊಳಲೂರಿಗೆ ಹೋಗಿ ಶಿವಣ್ಣನಿಗೂ ಅದೇ ಸ್ವರ ಬರೆದುಕೊಟ್ಟೆ. 'ಅಂತೋಣಿ ಇಳಿಸಿದ್ರೆ ನೀನು ಎತ್ಕೋ' ಅಂದೆ. ಬ್ಯಾಂಡಿನಲ್ಲಿ ಇರೋ ಒಂದು ಪದ್ಧತಿ ಹೇಳ್ತೀನಿ. ಊದ್ತಾ ಇರೋವಾಗ ಯಾರಿಗಾದ್ರೂ ಕೈಲಾಗದೆ ಹೋದ್ರೆ ಅವನು ವಾದ್ಯವನ್ನ ತುಟಿಯಿಂದ ಸೊಂಟಕ್ಕೆ ಇಳಿಸ್ತಾನೆ. ಆಗ ಪಕ್ಕದವನು ಅವನ ಪಾಲಿನದ್ದನ್ನ ಎತ್ಕೋಬೇಕು. ಇಳಿಸದೆ ತುಟಿಗೆ ಹಿಡಿದು ನಿಂತಿದ್ರೆ ಯಾರೂ ಅವನ ಸ್ವರ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಅದು ಅವನಿಗೆ ನಾಲ್ಕು ಜನರ ಮುಂದೆ ಮಾಡಿದ ಅವಮಾನ. ಇದಕ್ಕೇ ಹೊಡೆದಾಟ ಆಗಿ ಬ್ಯಾಂಡ್ ಒಡೆದಿದ್ದೂ ಉಂಟು.

ಕ್ಯಾರಲ್ ಸಂಜೆ ಬಿಸಿಲು ಇಳೀತಿದ್ದ ಹಾಗೆ ಅಂತೋಣಿಯ ಬೀದಿಗೆ ಹೊರಟ್ವಿ. ಹಾಡೋಕೆ ನಾಲ್ಕೈದು ಜನ ಹೆಂಗಸರು, ಮುಂದೆ ನಕ್ಷತ್ರ ಹಿಡಿದವರೊಬ್ರು. ಅಂತೋಣಿ ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿದ್ದ, ಅದು ಅವನ ಮೈಮೇಲೆ ಬೇರೆಯವರದ್ದರ ಹಾಗೆ ಜೋತು ಬಿದ್ದಿತ್ತು. ಮನೆಯಿಂದ ಮನೆಗೆ ಹೋಗೋವಾಗ ಯೂಫೋನಿಯಂ ಶಿವಣ್ಣ ಹೊತ್ಕೋತಿದ್ದ, ಊದೋ ಜಾಗದಲ್ಲಿ ಇವನ ಕೈಗೆ ಕೊಡ್ತಿದ್ದ. ಯಾರೂ ಏನೂ ಕೇಳಲಿಲ್ಲ. ಮೊದಲ ಮನೆಗಳಲ್ಲಿ ಆ ಸ್ವರ ಬಂತು. ಸಣ್ಣಗೆ ಬಂತು, ಆದ್ರೆ ಬಂತು. ಚರಣ ಮುಗಿದಾಗ ತಳದಲ್ಲಿ ಅದು ಬಂದು ಕೂತ ತಕ್ಷಣ ರಫೀಕ್ ನನ್ನ ಕಡೆ ನೋಡಿ ಹುಬ್ಬು ಹಾರಿಸ್ತಿದ್ದ. ನನಗೂ ಖುಷಿಯೇ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲಾಮೇಲೆ ಬರೀ ಗಾಳಿ ಜಾಸ್ತಿ, ದನಿ ಕಮ್ಮಿ ಆಗ್ತಾ ಹೋಯ್ತು.

ಬೀದಿಯ ಕೊನೇಲಿ ಅವನದೇ ಮನೆ. ಮೇರಿಯಮ್ಮ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ರು. ಅಕ್ಕಪಕ್ಕದವರೆಲ್ಲ ಹೊರಗೆ ಬಂದಿದ್ರು, ಮುಖ್ಯವಾಗಿ ಅಂತೋಣಿ ಊದೋದನ್ನ ನೋಡೋಕೆ. ನಾವು ನಿಧಾನದ್ದು ಶುರು ಮಾಡಿದ್ವಿ. ಹೆಂಗಸರು ಚರಣ ಹಾಡಿ ಮುಗಿಸಿದ್ರು. ನಾವು ಮೂವರೂ ಕೊನೇ ಸ್ವರ ಎಳೆದು ನಿಂತ್ವಿ. ಅಂತೋಣಿ ಎದೆ ತುಂಬ ತಗೊಳ್ಳೋಕೆ ನೋಡಿದ. ಹೆಗಲು ಮೇಲೆ ಹೋಯ್ತು. ವಾದ್ಯದ ಪಿಸ್ಟನ್ ಗುಂಡಿ ಮೇಲೆ ಬೆರಳು ಸರಿಯಾಗೇ ಇತ್ತು. ಕೆನ್ನೆ ಉಬ್ಬಿತು.

ಏನೂ ಬರಲಿಲ್ಲ.

ಗಾಳಿ ಕೂಡ ಬರಲಿಲ್ಲ. ನಾನು ಓರೆಗಣ್ಣಲ್ಲಿ ಶಿವಣ್ಣನ ಕಡೆ ನೋಡಿದೆ, ಎತ್ಕೋ ಅನ್ನೋ ಹಾಗೆ. ಶಿವಣ್ಣ ಅಂತೋಣಿಯ ಕಡೆ ನೋಡ್ತಿದ್ದ. ಅಂತೋಣಿ ವಾದ್ಯ ಇಳಿಸಿರಲಿಲ್ಲ. ಶಿವಣ್ಣ ಎತ್ಕೊಳ್ಳಲಿಲ್ಲ. ತಳ ಇಲ್ಲದ ಆ ಸ್ವರ ಹಾಗೇ ನೇತಾಡ್ತಾ ನಿಂತಿತ್ತು, ನಮ್ಮ ಉಸಿರು ಮುಗಿಯೋವರೆಗೂ. ನಿಂತವರಿಗೆಲ್ಲ ಗೊತ್ತಾಯ್ತು. ಒಬ್ಬ ಅಜ್ಜಿ 'ಅಯ್ಯೋ ಯೇಸುವೇ' ಅಂದ್ರು.

ಎರಡನೇ ಚರಣಕ್ಕೂ ಅವನು ಹಾಗೇ ನಿಂತ. ಮತ್ತೆ ಕೊನೆ ಬಂತು, ಮತ್ತೆ ಕೆನ್ನೆ ಉಬ್ಬಿತು, ಮತ್ತೆ ಏನೂ ಇಲ್ಲ. ಈ ಸಲ ಕಣ್ಣಿಂದ ನೀರು ಬಂತು. ಹೆಂಗಸರು ಹಾಡೋದು ನಿಲ್ಲಿಸಿಬಿಟ್ರು.

ಮೇರಿಯಮ್ಮ ಮೆಟ್ಟಿಲು ಇಳಿದು ಅವನ ಎದುರಿಗೆ ಬಂದ್ರು. 'ಸಾಕು. ಇಳಿಸಿ' ಅಂದ್ರು. ತುಂಬ ಮೆಲ್ಲಗೆ, ಕನ್ನಡದಲ್ಲೇ, ನಮಗೂ ಕೇಳಲಿ ಅಂತ ಇರಬೇಕು.

ಅವನು ಇಳಿಸಿದ. ಮೇರಿಯಮ್ಮನೇ ಅದನ್ನ ಕೈಗೆ ತಗೊಂಡ್ರು. ಅಂತೋಣಿ ಸಾಲು ಬಿಟ್ಟು ಹೋಗಿ ತನ್ನ ಮನೆ ಮೆಟ್ಟಿಲ ಮೇಲೆ, ನಮ್ಮ ಎದುರಿಗೆ ನಿಂತ. ಉಸಿರು ಸರಿ ಆಗೋವರೆಗೂ ಕಂಬ ಹಿಡಿದಿದ್ದ. ಆಮೇಲೆ ಅಂದ, 'ಮೊದಲಿಂದ ಊದ್ರಪ್ಪ. ನಾನು ಯಾವತ್ತೂ ಮುಂದೆ ನಿಂತು ಕೇಳಿಲ್ಲ.'

ನಿಜವೇ. ಇಷ್ಟು ವರ್ಷ ಸಾಲಿನ ಒಳಗೇ ನಿಂತಿದ್ದವನು, ತನ್ನ ದನಿ ಮಧ್ಯದಲ್ಲೇ. ನಾವು ಊದಿದ್ವಿ. ಶಿವಣ್ಣ ಅಳ್ತಾ ಇದ್ದ, ಆದ್ರೂ ಟ್ರೋಂಬೋನ್ ಹಿಡಿತ ಬಿಡಲಿಲ್ಲ. ಚರಣದ ಕೊನೇಲಿ ಆ ತಳದ ಸ್ವರವನ್ನ ಎತ್ಕೊಂಡ. ಎಷ್ಟು ಚೆನ್ನಾಗಿ ಎತ್ಕೊಂಡ ಅಂದ್ರೆ, ಸ್ವರಗಳೆಲ್ಲ ಅವುಗಳ ಜಾಗದಲ್ಲಿ ಕೂತ್ಕೊಂಡ್ವು, ಒಂದು ಕೂದಲು ಎಳೆಯಷ್ಟೂ ಸಂದು ಇರಲಿಲ್ಲ. ಅಂತೋಣಿ ತಲೆ ಬಗ್ಗಿಸಿ ಕೊನೇವರೆಗೂ ಕೇಳಿದ. ಹೆಂಗಸರು ಶಿಲುಬೆ ಗುರುತು ಹಾಕ್ಕೊಂಡ್ರು. ಅವನು ತಲೆ ಎತ್ತಿ, ಬೇರೆ ಯಾರ ಕಡೆಯೂ ಅಲ್ಲ, ನನ್ನ ಕಡೆ ನೋಡಿದ.

'ಏನೂ ಕಮ್ಮಿ ಆಗಲಿಲ್ಲ ಮಂಜಣ್ಣ' ಅಂದ.

ಸುಳ್ಳು ಹೇಳಬಹುದಿತ್ತು, ನೀನಿಲ್ಲದೆ ಸಪ್ಪೆ ಮಾರಾಯ ಅನ್ನಬಹುದಿತ್ತು. ಅವನ ಕಿವಿ ಅಂಥದ್ದನ್ನ ನಂಬೋ ಕಿವಿಯಲ್ಲ. ಕಮ್ಮಿ ಆಗಿರಲಿಲ್ಲ. ವರ್ಷಗಟ್ಟಲೆ ಕೂತು, ಒಂದೊಂದೇ ಸ್ವರ ಅವನಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟು, ಕಮ್ಮಿ ಆಗದ ಹಾಗೆ ನಾನೇ ಬರೆದಿದ್ದೆ. ಅವನನ್ನ ಉಳಿಸ್ಕೊಳ್ಳೋಕೆ ಅಂತ ಮಾಡಿದ್ದು.

ಈಸ್ಟರ್ ಬರೋ ಮುಂಚೆ ಅಂತೋಣಿ ಹೋದ. ಅವನ ಮೆರವಣಿಗೆಗೆ ನಾವು ಮೂವರೇ ಊದಿದ್ವಿ. ಬಂದವರೊಬ್ರು ನನ್ನ ಭುಜ ತಟ್ಟಿ, 'ಮೂರೇ ಜನ ಅಂತ ಅನ್ನಿಸಲೇ ಇಲ್ಲ ಸ್ವಾಮಿ' ಅಂದ್ರು. ಅವತ್ತು ಮನೆಗೆ ಬಂದು ಕಾರ್ನೆಟ್ ಪೆಟ್ಟಿಗೆಗೆ ಹಾಕಿದೋನು ಮತ್ತೆ ತೆಗೀಲಿಲ್ಲ.

ಮಕ್ಕಳೇ, ನೀವು ಕೇಳಿದ್ದು ಕಮ್ಮಿ ಜನಕ್ಕೆ ಹೇಗೆ ಬರೀಬೇಕು ಅಂತ. ಉಸಿರು ನೋಡ್ಕೊಂಡು ಬರೀರಿ, ತುಟಿ ನೋಡ್ಕೊಂಡು ಬರೀರಿ, ಅದೆಲ್ಲ ನಿಮಗೆ ಬರುತ್ತೆ. ನಿಮ್ಮ ಗುಂಪಿನಲ್ಲಿ ಯಾರಾದ್ರೂ ಒಬ್ಬರು ಬಾರದೇ ಹೋದ ದಿನ ಹಾಡು ಕುಂಟಲಿ. ಕೇಳೋರಿಗೆ ಗೊತ್ತಾಗಲಿ, ಇಲ್ಲಿ ಒಬ್ಬರು ಇದ್ರು ಅಂತ. ಹಾಗೆ ಬರೀರಿ.